ಹಗುರ ಸ್ಪಿನ್ನಿಂಗ್ ರೀಲುಗಳು: ಕಳೆದ ತೂಕ ಎಲ್ಲಿಗೆ ಹೋಯಿತು?

ಉಡುಪಿ ಜಿಲ್ಲೆಯ ಹಂಗಾರಕಟ್ಟೆಯನ್ನು ನೀವು ನೋಡಿರಬಹುದು. ಸೀತಾ ಮತ್ತು ಸುವರ್ಣಾ ನದಿಗಳು ಒಂದುಗೂಡಿ ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ದಂಡೆಯಲ್ಲಿರುವ ಹಳೆಯ ಬಂದರು ಇದು. ಎದುರಿಗೆ ಕೋಡಿ ಬೆಂಗ್ರೆಯ ಮರಳುಪಟ್ಟಿ, ಅದರ ಆಚೆ ಕಡಲು. ದಿನಕ್ಕೆ ಎರಡು ಬಾರಿ ಉಬ್ಬರದೊಂದಿಗೆ ಕಡಲ ನೀರು ಹೊಳೆಯೊಳಗೆ ನುಗ್ಗುತ್ತದೆ, ಎರಡು ಬಾರಿ ಹಿಂದಕ್ಕೆ ಸರಿಯುತ್ತದೆ. ಬೇಸಿಗೆಯಲ್ಲಿ ನಾಲಿಗೆಗೆ ಹಚ್ಚಿದರೆ ಉಪ್ಪುಪ್ಪಾಗಿರುವ ನೀರು ಮುಂಗಾರಿನ ಪ್ರವಾಹದ ದಿನಗಳಲ್ಲಿ ಕೆಂಪಾಗಿ, ಬಹುಮಟ್ಟಿಗೆ ಸಿಹಿಯಾಗಿ ಹರಿಯುತ್ತದೆ.

ಇಂಥ ಅಳಿವೆಯ ದಂಡೆಯಲ್ಲಿ ಗಾಳ ಹಾಕುವವರು ಎರಡು ಬಗೆ. ಒಬ್ಬನ ಕೈಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ, ಅದಕ್ಕೆ ಸುತ್ತಿದ ನೈಲಾನ್ ದಾರ, ತುದಿಯಲ್ಲಿ ಸೀಸದ ಗುಂಡು ಮತ್ತು ಸಿಗಡಿಯ ಚೂರು. ಇನ್ನೊಬ್ಬನ ಕೈಯಲ್ಲಿ ಏಳು ಅಡಿಯ ಕೋಲು, ಅದರ ಕೆಳಗೆ ತೂಗುವ ಹೊಳಪಿನ ರೀಲು. ಈ ಎರಡನೆಯವರ ಸಂಖ್ಯೆ ಕಳೆದ ಹದಿನೈದು ವರ್ಷಗಳಲ್ಲಿ ಕರಾವಳಿಯ ಉದ್ದಕ್ಕೂ ಕಣ್ಣಿಗೆ ಕಾಣುವಷ್ಟು ಹೆಚ್ಚಿದೆ. ರೀಲು ಕೊಳ್ಳುವ ಯುವಕ ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಹಗುರ?’

ಹಗುರ ಎಂಬುದು ಗುಣವೇ ಹೌದು. ಆದರೆ ಅದು ಎಂಥ ಗುಣ, ಯಾವ ಬೆಲೆ ತೆತ್ತು ಬಂದ ಗುಣ, ಉಪ್ಪುನೀರಿನ ದಂಡೆಯಲ್ಲಿ ಅದಕ್ಕೆ ಎಷ್ಟು ಅಂಕ ಕೊಡಬೇಕು ಎಂಬುದನ್ನು ಡಬ್ಬಿಯ ಮೇಲಿನ ಬರಹ ಹೇಳುವುದಿಲ್ಲ. ಮಾರುಕಟ್ಟೆಯಲ್ಲಿ ಹೆಸರಾದ ಕೆಲವು ರೀಲುಗಳನ್ನು ಎದುರಿಗಿಟ್ಟುಕೊಂಡು ಆ ಬರಹವನ್ನು ಇಲ್ಲಿ ಪರಿಶೀಲಿಸೋಣ.

ಬಾಟಲಿಯೇ ಮೊದಲ ರೀಲು

ಬಾಟಲಿಯಿಂದ ಗಾಳ ಎಸೆಯುವ ಹುಡುಗನನ್ನು ಗಮನಿಸಿ. ಆತ ಬಾಟಲಿಯ ಒಂದು ತುದಿಯನ್ನು ನೀರಿನ ಕಡೆಗೆ ಚಾಚಿ ಹಿಡಿದು ಇನ್ನೊಂದು ಕೈಯಿಂದ ಗುಂಡನ್ನು ಬೀಸುತ್ತಾನೆ. ದಾರ ಸುರುಳಿ ಸುರುಳಿಯಾಗಿ ಆ ತುದಿಯಿಂದ ಜಾರಿ ಹೋಗುತ್ತದೆ. ಬಾಟಲಿ ತಿರುಗುವುದಿಲ್ಲ. ತಿರುಗುವ ವಸ್ತುವೇ ಇಲ್ಲವಾದ್ದರಿಂದ ಗುಂಡು ಎಷ್ಟೇ ಹಗುರವಿರಲಿ, ಅದು ದಾರವನ್ನು ಸುಲಭವಾಗಿ ಎಳೆದೊಯ್ಯುತ್ತದೆ.

ಸ್ಪಿನ್ನಿಂಗ್ ರೀಲಿನ ತತ್ತ್ವವೂ ಇದೇ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಉಣ್ಣೆ ಉದ್ಯಮಿ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದ. ನೂಲಿನ ಗಿರಣಿಯಲ್ಲಿ ನಿಂತ ಕಂಡಿಕೆಯಿಂದ ನೂಲು ಬಿಚ್ಚಿಕೊಳ್ಳುವ ರೀತಿಗೂ ಈ ರೀಲಿಗೂ ಹತ್ತಿರದ ನಂಟು. ಎಸೆಯುವಾಗ ಸ್ಪೂಲ್, ಅಂದರೆ ದಾರದ ಉರುಳೆ, ತಿರುಗದೆ ನಿಂತಿರುತ್ತದೆ. ಹಿಂದಕ್ಕೆ ಸುತ್ತುವಾಗ ಸ್ಪೂಲಿನ ಸುತ್ತ ರೋಟರ್ ಎಂಬ ಬಟ್ಟಲು ತಿರುಗಿ, ಬೇಲ್ ತಂತಿಯ ಒಂದು ತುದಿಯಲ್ಲಿರುವ ಪುಟ್ಟ ಗಾಲಿಯ ಮೂಲಕ ದಾರವನ್ನು ಸುತ್ತುತ್ತದೆ. ಸ್ಪೂಲ್ ಮಾತ್ರ ಹಿಂದೆ ಮುಂದೆ ಸರಿಯುತ್ತಾ ದಾರ ಒಂದೇ ಕಡೆ ಗುಡ್ಡೆಯಾಗದಂತೆ ನೋಡಿಕೊಳ್ಳುತ್ತದೆ.

ಬಾಟಲಿಗಿಂತ ರೀಲಿನಲ್ಲಿ ಹೆಚ್ಚಿಗೆ ಇರುವುದು ಮೂರು ಅಂಗ: ವೇಗ ಹೆಚ್ಚಿಸುವ ಗೇರ್, ಹಿಂದಕ್ಕೆ ತಿರುಗದಂತೆ ತಡೆಯುವ ಕ್ಲಚ್ ಮತ್ತು ಮೀನು ಜಗ್ಗಿದಾಗ ದಾರವನ್ನು ಅಳತೆಯಿಂದ ಬಿಟ್ಟುಕೊಡುವ ಡ್ರ್ಯಾಗ್. ಬಾಟಲಿ ಹಿಡಿದವನಿಗೆ ಬೆರಳೇ ಡ್ರ್ಯಾಗ್. ಹಗುರ ಮಾಡುವ ಆತುರದಲ್ಲಿ ಈ ಮೂರರಲ್ಲಿ ಯಾವುದಕ್ಕೂ ಪೆಟ್ಟು ಬೀಳಬಾರದು. ರೀಲುಗಳನ್ನು ಹೋಲಿಸುವಾಗ ಇದೇ ನಮ್ಮ ಒರೆಗಲ್ಲು.

ಕೈಯ ತೂಕ ಮತ್ತು ರೋಟರಿನ ತೂಕ

ರೀಲು ಹಗುರವಾದರೆ ಕೈ ಸೋಲುವುದಿಲ್ಲ ಎನ್ನುವ ಮಾತನ್ನು ಮೊದಲು ನೋಡೋಣ. ಸ್ಪಿನ್ನಿಂಗ್ ರೀಲಿನ ಕಾಲು ನಿಮ್ಮ ಬೆರಳುಗಳ ನಡುವೆಯೇ ಇರುತ್ತದೆ. ಮಣಿಕಟ್ಟಿನಿಂದ ಅದರ ದೂರ ಬಹಳ ಕಡಿಮೆ. ರೀಲು 50 ಗ್ರಾಂ ಹೆಚ್ಚು ತೂಗಿದರೆ, ಮಣಿಕಟ್ಟಿನಿಂದ 5 ಸೆಂ.ಮೀ. ದೂರದಲ್ಲಿ ಅದರ ತಿರುಚುಬಲ 250 ಗ್ರಾಂ-ಸೆಂ.ಮೀ. ಕೋಲಿನ ತುದಿಯಲ್ಲಿ, ಎರಡು ಮೀಟರ್ ಆಚೆ, ತೂಗುವ 10 ಗ್ರಾಂ ಗುಂಡಿನ ತಿರುಚುಬಲ 2000 ಗ್ರಾಂ-ಸೆಂ.ಮೀ. ಇದು ಎಂಟು ಪಟ್ಟು. ಮಣಿಕಟ್ಟು ಸೋಲುವುದು ಕೋಲಿನ ತುದಿಯ ಭಾರದಿಂದಲೇ ಹೊರತು ರೀಲಿನಿಂದ ಅಲ್ಲ. ತುದಿ ಭಾರವಾದ ಕೋಲಿಗೆ ತೀರ ಹಗುರ ರೀಲು ಕಟ್ಟಿದರೆ ಸಮತೋಲ ಇನ್ನಷ್ಟು ಕೆಡುವುದೂ ಉಂಟು. ತೋಳು ಮತ್ತು ಭುಜಕ್ಕೆ ಒಟ್ಟು ತೂಕದ ಲೆಕ್ಕ ಇದ್ದೇ ಇದೆ, ನಿಜ. ಆದರೆ 40-50 ಗ್ರಾಂ ವ್ಯತ್ಯಾಸಕ್ಕೆ ಎರಡು ಪಟ್ಟು ಹಣ ಕೊಡುವ ಮುನ್ನ ಕೋಲನ್ನು ಬದಲಿಸಿ ನೋಡುವುದು ಜಾಣತನ.

ಹಾಗಾದರೆ ಹಗುರತನಕ್ಕೆ ಅರ್ಥವೇ ಇಲ್ಲವೇ? ಇದೆ, ಅದು ರೋಟರಿನಲ್ಲಿದೆ. ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ರೋಟರ್ ಐದಾರು ಸುತ್ತು ತಿರುಗುತ್ತದೆ. ತಿರುಗುವ ವಸ್ತುವಿನ ಜಡತ್ವ ಅದರ ದ್ರವ್ಯರಾಶಿಯನ್ನೂ ಅಕ್ಷದಿಂದ ಅದರ ದೂರದ ವರ್ಗವನ್ನೂ ಅವಲಂಬಿಸುತ್ತದೆ. ಗೇರಿನ ಮೂಲಕ ಅದು ಹ್ಯಾಂಡಲಿಗೆ ತಲಪುವಾಗ ಗೇರ್ ಅನುಪಾತದ ವರ್ಗದಷ್ಟು ದೊಡ್ಡದಾಗುತ್ತದೆ. ರೋಟರಿನ ಅಂಚಿನಲ್ಲಿ, ಅಕ್ಷದಿಂದ 30 ಮಿ.ಮೀ. ದೂರದಲ್ಲಿ 10 ಗ್ರಾಂ ಇದೆ. ಗೇರ್ ಅನುಪಾತ 5.2, ಹ್ಯಾಂಡಲ್ ತೋಳು 50 ಮಿ.ಮೀ. ಎಂದುಕೊಳ್ಳಿ. ಲೆಕ್ಕ ಮಾಡಿದರೆ, ಹ್ಯಾಂಡಲಿನ ಗುಬುಟಿಗೆ ಸುಮಾರು 97 ಗ್ರಾಂ ಕಟ್ಟಿದಂತೆ ಆ 10 ಗ್ರಾಂ ನಿಮ್ಮ ಬೆರಳಿಗೆ ತೋರುತ್ತದೆ. ಅದೇ 10 ಗ್ರಾಂ ರೀಲಿನ ಕಾಲಿನಲ್ಲೋ ಮೈಯಲ್ಲೋ ಇದ್ದಿದ್ದರೆ ತಿರುಗಿಸುವ ಬೆರಳಿಗೆ ಅದರ ಸುಳಿವೂ ಸಿಗುತ್ತಿರಲಿಲ್ಲ.

ಹಗುರ ರೋಟರ್ ಬೇಗ ಹೊರಡುತ್ತದೆ, ಬೇಗ ನಿಲ್ಲುತ್ತದೆ. ಕೃತಕ ಎರೆಯನ್ನು ನಿಲ್ಲಿಸಿ, ಜಗ್ಗಿ, ಮತ್ತೆ ನಿಲ್ಲಿಸಿ ಆಡಿಸುವವರಿಗೆ ಇದು ನಿಜವಾದ ಲಾಭ. ಆದರೆ ಭಾರದ ರೋಟರಿಗೆ ಗಾಲಿಯಂಥ ಓಟವಿದ್ದು, ಎರೆಯನ್ನು ಒಂದೇ ವೇಗದಲ್ಲಿ ನಿಧಾನವಾಗಿ ಎಳೆಯುವವರಿಗೆ ಅದೇ ಅನುಕೂಲ. ಸಿಗಡಿ ಚೂರು ಪೋಣಿಸಿ ತಳದಲ್ಲಿ ಬಿಟ್ಟು ಕಾಣೆ ಮೀನಿಗಾಗಿ ಕಾಯುವವರಿಗಂತೂ ಎರಡರಿಂದಲೂ ವಿಶೇಷ ವ್ಯತ್ಯಾಸವಾಗದು. ಆದ್ದರಿಂದ ‘ಎಷ್ಟು ಹಗುರ?’ ಎಂದು ಕೇಳುವ ಬದಲು ‘ತೂಕ ಎಲ್ಲಿಂದ ಕಳೆದಿದೆ?’ ಎಂದು ಕೇಳಬೇಕು.

2500 ಎಂದರೆ ಎಷ್ಟು?

ತೂಕ ಹೋಲಿಸುವಾಗ ಇನ್ನೊಂದು ತೊಡಕಿದೆ. ರೀಲಿನ ಮೇಲೆ ಬರೆದ 1000, 2500, 4000 ಎಂಬ ಸಂಖ್ಯೆಗಳು ಯಾವುದೇ ಮಾನಕದ ಅಳತೆಗಳಲ್ಲ. ತಯಾರಕರು ಇಟ್ಟುಕೊಂಡ ಹೆಸರುಗಳು. ಜಪಾನಿನ ಡೈವಾ ಕಂಪನಿ 2018ರಲ್ಲಿ ಎಲ್‌ಟಿ ಎಂಬ ಹೊಸ ಸರಣಿಯನ್ನು ತಂದಾಗ ತನ್ನ ಗಾತ್ರದ ಹೆಸರುಗಳನ್ನೂ ಬದಲಿಸಿತು. ಹಳೆಯ 2500ಕ್ಕಿಂತ ಎಲ್‌ಟಿ 2500 ಸಣ್ಣದು. 2016ರಲ್ಲಿ ಬಂದ ಅದೇ ಕಂಪನಿಯ ಬಿಜಿ 2500 ಸುಮಾರು 300 ಗ್ರಾಂ, ಫ್ಯೂಗೋ ಎಲ್‌ಟಿ 2500 ಸುಮಾರು 200 ಗ್ರಾಂ ಎಂದು ಪಕ್ಕಪಕ್ಕದಲ್ಲಿ ಬರೆದರೆ ನೂರು ಗ್ರಾಂ ಉಳಿಸಿದ ವಿಜ್ಞಾನದ ಪವಾಡದಂತೆ ಕಾಣುತ್ತದೆ. ಅದರಲ್ಲಿ ಒಂದು ಪಾಲು ಲೋಹದ ಬದಲು ಕಾರ್ಬನ್ ಬೆರೆತ ಪ್ಲಾಸ್ಟಿಕ್ ಬಳಸಿದ್ದರಿಂದ ಬಂದದ್ದು. ಇನ್ನೊಂದು ಪಾಲು ರೀಲೇ ಚಿಕ್ಕದಾದ್ದರಿಂದ ಬಂದದ್ದು. ಜಪಾನಿನದೇ ಆದ ಶಿಮಾನೋ ಕಂಪನಿಯ ಪಟ್ಟಿಯಲ್ಲಿ ಸಿ3000 ಎಂದಿದ್ದರೆ ಅದು 2500ರ ಮೈಗೆ 3000ದ ಸ್ಪೂಲ್ ಹಾಕಿದ್ದು. ಆದ್ದರಿಂದ ಹೆಸರಿನ ಸಂಖ್ಯೆಯನ್ನು ಬಿಟ್ಟು ಸ್ಪೂಲಿನ ವ್ಯಾಸ, ದಾರದ ಸಾಮರ್ಥ್ಯ, ಹ್ಯಾಂಡಲಿನ ಒಂದು ಸುತ್ತಿಗೆ ಬರುವ ದಾರದ ಉದ್ದ, ಈ ಮೂರನ್ನು ನೋಡಿ ಹೋಲಿಸಬೇಕು.

ರೀಲುಗಳ ಮೈ

ಈಗ ಕೆಲವು ಮಾದರಿಗಳನ್ನು ನೋಡೋಣ. ಇವುಗಳಲ್ಲಿ ಕೆಲವಕ್ಕೆ ಈಚೆಗೆ ಹೊಸ ಪೀಳಿಗೆಗಳೂ ಬಂದಿವೆ. ಆದರೆ ಮೈಯ ವಸ್ತುವಿನ ಪ್ರಶ್ನೆ ಬದಲಾಗಿಲ್ಲ.

ಶಿಮಾನೋ ಕಂಪನಿ 1921ರಲ್ಲಿ ಸೈಕಲ್ಲಿನ ಫ್ರೀವೀಲ್ ತಯಾರಿಕೆಯಿಂದ ಆರಂಭವಾಗಿ 1970ರಲ್ಲಿ ಮೀನುಗಾರಿಕೆಯ ಸಲಕರಣೆಗಳಿಗೆ ಕಾಲಿಟ್ಟಿತು. ಅದರ 2019ರ ಸ್ಟ್ರಾಡಿಕ್ 2500 ಸುಮಾರು 225 ಗ್ರಾಂ ತೂಗುತ್ತದೆ. 2020ರ ವ್ಯಾನ್‌ಫರ್ಡ್ 2500 ಸುಮಾರು 180 ಗ್ರಾಂ. ಮೊದಲನೆಯದರ ಮೈ ಅಲ್ಯೂಮಿನಿಯಂ. ಎರಡನೆಯದರಲ್ಲಿ ಮೈ ಮತ್ತು ರೋಟರ್ ಎರಡೂ ಕಾರ್ಬನ್ ಬೆರೆತ ಪ್ಲಾಸ್ಟಿಕ್. ವ್ಯಾನ್‌ಫರ್ಡ್‌ನಲ್ಲಿ ತೂಕ ಕಳೆದದ್ದು ಸರಿಯಾದ ಜಾಗದಿಂದ, ಅಂದರೆ ರೋಟರಿನಿಂದಲೂ ಕೂಡ. ಹ್ಯಾಂಡಲ್ ಮುಟ್ಟಿದರೆ ಅದು ಗೊತ್ತಾಗುತ್ತದೆ. ಪ್ಲಾಸ್ಟಿಕ್ಕಿಗೆ ಉಪ್ಪಿನ ಭಯವೂ ಇಲ್ಲ. ಆದರೆ ಭಾರ ಬಿದ್ದಾಗ ಅದು ಲೋಹಕ್ಕಿಂತ ಹೆಚ್ಚು ಬಾಗುತ್ತದೆ. ಮೈ ಬಾಗಿದರೆ ಗೇರಿನ ಹಲ್ಲುಗಳ ಹೊಂದಿಕೆ ಸ್ವಲ್ಪ ತಪ್ಪುತ್ತದೆ. ಹಲ್ಲು ಸವೆಯುವುದು ಇಂಥ ಗಳಿಗೆಗಳಲ್ಲೇ. ಒಂದೆರಡು ಕಿಲೋ ಮೀನಿಗೆ ಇದು ಪ್ರಶ್ನೆಯೇ ಅಲ್ಲ. ಕಲ್ಲಿನ ಸಂದಿಗೆ ನುಗ್ಗುವ ದೊಡ್ಡ ಕೆಂಬೇರಿಯನ್ನೋ ಮುರುವನ್ನೋ ಬಲವಂತವಾಗಿ ತಡೆದು ಎಳೆಯುವವರು ಅಲ್ಯೂಮಿನಿಯಂ ಮೈಯ ಕಡೆ ವಾಲುವುದು ಒಳ್ಳೆಯದು.

ಇವೆರಡಕ್ಕಿಂತ ಬಹಳ ಅಗ್ಗವಾದದ್ದು ಶಿಮಾನೋದ ಸಿಯೆನ್ನಾ. ಗ್ರಾಫೈಟ್ ಬೆರೆತ ಪ್ಲಾಸ್ಟಿಕ್ ಮೈ, ಬೆರಳೆಣಿಕೆಯ ಬೇರಿಂಗುಗಳು. ವಿಮರ್ಶಕರು ಇದನ್ನು ಕಲಿಯುವವರ ರೀಲು ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆದರೆ ಒಳಗೆ ಭಾಗಗಳು ಕಡಿಮೆ, ರಚನೆ ಸರಳ, ಮೈಗೆ ತುಕ್ಕಿಲ್ಲ. ಮರಳ ತಳದಲ್ಲಿ ಕಾಣೆ ಹಿಡಿಯುವಷ್ಟಕ್ಕೆ ಇದರ ಬಲ ಧಾರಾಳ ಸಾಕು. ದುಬಾರಿ ರೀಲುಗಳ ನಯವಾದ ಓಟವನ್ನು, ಹತ್ತು ವರ್ಷದ ಬಾಳಿಕೆಯನ್ನು ಮಾತ್ರ ಇದರಿಂದ ನಿರೀಕ್ಷಿಸಬಾರದು.

ಇನ್ನೊಂದು ತುದಿಯಲ್ಲಿ ಮೆಗ್ನೀಸಿಯಂ ಮೈಯ ರೀಲುಗಳಿವೆ. ಡೈವಾ 2018ರಲ್ಲಿ ತಂದ ಎಗ್ಸಿಸ್ಟ್ ಇದಕ್ಕೆ ಉದಾಹರಣೆ. ಲೋಹದ ಬಿಗುವೂ ಬೇಕು, ಪ್ಲಾಸ್ಟಿಕ್ಕಿನ ಹಗುರವೂ ಬೇಕು ಎಂದರೆ ಎಂಜಿನಿಯರ್ ಮೆಗ್ನೀಸಿಯಂ ಕಡೆ ನೋಡುತ್ತಾನೆ. ಅದರ ಸಾಂದ್ರತೆ ಅಲ್ಯೂಮಿನಿಯಂನ ಮೂರನೇ ಎರಡರಷ್ಟು. ಆದರೆ ಪ್ರೌಢಶಾಲೆಯ ರಸಾಯನ ವಿಜ್ಞಾನದ ಪಟ್ಟಿಯನ್ನು ನೆನಪಿಸಿಕೊಳ್ಳಿ. ಮಾನಕ ವಿದ್ಯುದ್ವಿಭವ ಮೆಗ್ನೀಸಿಯಂಗೆ ಮೈನಸ್ 2.37 ವೋಲ್ಟ್, ಅಲ್ಯೂಮಿನಿಯಂಗೆ ಮೈನಸ್ 1.66, ಕಬ್ಬಿಣಕ್ಕೆ ಮೈನಸ್ 0.44, ತಾಮ್ರಕ್ಕೆ ಪ್ಲಸ್ 0.34. ಹಿತ್ತಾಳೆಯ ಗೇರು, ಉಕ್ಕಿನ ತಿರುಪು, ಮೆಗ್ನೀಸಿಯಂ ಮೈ ಒಂದಕ್ಕೊಂದು ತಾಗಿ ನಡುವೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿ. ಆ ಬ್ಯಾಟರಿಯಲ್ಲಿ ಕರಗಿಹೋಗುವುದು ಮೆಗ್ನೀಸಿಯಂ. ಹಡಗಿನ ಉಕ್ಕಿನ ಮೈಯನ್ನು ಉಳಿಸಲು ಬೇಗ ಕರಗುವ ಲೋಹದ ತುಂಡನ್ನು ಬೇಕೆಂದೇ ಬಲಿ ಕೊಡುವುದು ಇದೇ ತತ್ತ್ವದಿಂದ. ತಯಾರಕರು ಮೆಗ್ನೀಸಿಯಂಗೆ ದಪ್ಪ ಲೇಪನ ಕೊಡುತ್ತಾರೆ. ಲೇಪನ ಗಟ್ಟಿಯಾಗಿರುವ ತನಕ ತೊಂದರೆ ಇಲ್ಲ. ಆದರೆ ದಕ್ಕೆಯ ಕಲ್ಲಿಗೆ ತಾಗಿ ಒಂದು ಗೀರು ಬಿದ್ದರೂ ಸಾಕು. ಹಿನ್ನೀರಿನ ಸಿಹಿನೀರಿಗೆ, ಬೆಟ್ಟದ ಹೊಳೆಗೆ ಅದು ಸೊಗಸಾದ ರೀಲು. ಹಂಗಾರಕಟ್ಟೆಯಂಥ ಜಾಗಕ್ಕೆ ನಾನು ಶಿಫಾರಸು ಮಾಡಲಾರೆ.

ನೀರು ಒಳಗೆ ಬಾರದಂತೆ ಮುಚ್ಚುವುದು ಇನ್ನೊಂದು ದಾರಿ. ಅಮೆರಿಕದ ಪೆನ್ ಕಂಪನಿಯ 2018ರ ಸ್ಪಿನ್‌ಫಿಷರ್ ಆರನೇ ಪೀಳಿಗೆ ಪೂರ್ಣ ಲೋಹದ ಮೈ ಮತ್ತು ಐಪಿಎಕ್ಸ್ 5 ದರ್ಜೆಯ ರಕ್ಷಣೆಯೊಂದಿಗೆ ಬಂತು. ಐಪಿಎಕ್ಸ್ 5 ಎಂದರೆ ನಿರ್ದಿಷ್ಟ ನಳಿಕೆಯಿಂದ ಚಿಮ್ಮುವ ನೀರನ್ನು ತಡೆಯಬಲ್ಲದು ಎಂದರ್ಥ. ನೀರಿನಲ್ಲಿ ಮುಳುಗಿಸಿಡಬಹುದು ಎಂದು ಅರ್ಥವಲ್ಲ. ಮುಚ್ಚುವ ರಬ್ಬರಿನ ಉಂಗುರಗಳು ತಿರುಗುವ ಭಾಗವನ್ನು ಉಜ್ಜುವುದರಿಂದ ಹ್ಯಾಂಡಲ್ ಕೊಂಚ ಬಿಗಿ. ತೂಕವೂ 300 ಗ್ರಾಂ ಮೀರುತ್ತದೆ. ಹಗುರ ರೀಲುಗಳ ಪಂಕ್ತಿಯಲ್ಲಿ ಇದಕ್ಕೆ ಎಲೆ ಹಾಕಲಾಗದು. ಆದರೂ ಅಲೆ ಸಿಡಿಯುವ ಅಳಿವೆ ಬಾಗಿಲಲ್ಲಿ ನಿಲ್ಲುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಡೈವಾದ ಮ್ಯಾಗ್‌ಸೀಲ್ ವಿಧಾನದಲ್ಲಿ ರಬ್ಬರಿನ ಬದಲು ಅಯಸ್ಕಾಂತ ಹಿಡಿದಿಟ್ಟ ಎಣ್ಣೆಯ ಪದರವೇ ತಡೆ. ಉಜ್ಜುವಿಕೆ ತೀರ ಕಡಿಮೆ, ಕಲ್ಪನೆ ಸುಂದರ. ಆದರೆ ಅಲ್ಲಿಗೆ ಬೇರೆ ಎಣ್ಣೆ ಬಿಡಬಾರದು, ಬಿಚ್ಚಲೂಬಾರದು. ಹೊಲಿಗೆಯಂತ್ರದ ಎಣ್ಣೆಯನ್ನು ಎಲ್ಲದಕ್ಕೂ ಬಿಡುವ ಅಭ್ಯಾಸವಿರುವ, ಕಂಪನಿಯ ದುರಸ್ತಿ ಕೇಂದ್ರ ದೂರದಲ್ಲಿರುವ ಊರಿನಲ್ಲಿ ಇದೊಂದು ದೌರ್ಬಲ್ಯವೇ.

ಗೇರ್ ಅನುಪಾತದ ಲೆಕ್ಕ

‘ಅತಿ ವೇಗ, 6.2:1’ ಎಂದು ಡಬ್ಬಿ ಸಾರುತ್ತದೆ. ಸ್ಪೂಲಿನ ಮೇಲೆ ದಾರದ ವ್ಯಾಸ 45 ಮಿ.ಮೀ. ಇದ್ದರೆ ಒಂದು ಸುತ್ತಿನ ದಾರ ಸುಮಾರು 141 ಮಿ.ಮೀ. ಅನುಪಾತ 5.2 ಇದ್ದರೆ ಹ್ಯಾಂಡಲಿನ ಒಂದು ಸುತ್ತಿಗೆ 73 ಸೆಂ.ಮೀ., 6.2 ಇದ್ದರೆ 88 ಸೆಂ.ಮೀ. ದಾರ ಬರುತ್ತದೆ.

ಬಾವಿಯ ರಾಟೆಯಂತೆ ರೀಲು ಭಾರ ಎತ್ತುವ ಯಂತ್ರ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ದಾರದಲ್ಲಿ 1 ಕಿಲೋ ಎಳೆತವಿದೆ ಎನ್ನಿ. ಸ್ಪೂಲಿನ ತ್ರಿಜ್ಯ 22.5 ಮಿ.ಮೀ., ಹ್ಯಾಂಡಲಿನ ತೋಳು 50 ಮಿ.ಮೀ. ಅನುಪಾತ 5.2 ಆಗಿದ್ದರೆ ಘರ್ಷಣೆಯನ್ನು ಬಿಟ್ಟರೂ ನಿಮ್ಮ ಬೆರಳು 2.3 ಕಿಲೋ ಬಲ ಹಾಕಬೇಕು. ಅನುಪಾತ 6.2 ಆದರೆ 2.8 ಕಿಲೋ. ಅಂದರೆ ರೀಲು ನಿಮ್ಮ ಬಲವನ್ನು ಹೆಚ್ಚಿಸುವುದಿಲ್ಲ, ವೇಗಕ್ಕಾಗಿ ಬಲವನ್ನು ತೆತ್ತುಕೊಳ್ಳುತ್ತದೆ. ಅನುಭವಿಗಳು ಕೋಲನ್ನು ಎತ್ತಿ ಮೀನನ್ನು ಹತ್ತಿರ ತಂದು, ಕೋಲು ಇಳಿಸುವಾಗ ಸಡಿಲವಾದ ದಾರವನ್ನಷ್ಟೇ ಸುತ್ತುವುದು ಇದಕ್ಕೇ. ಭಾರ ಎತ್ತುವುದು ಕೋಲಿನ ಕೆಲಸ, ಸಡಿಲ ಸುತ್ತುವುದು ರೀಲಿನದು. ಹಗುರ ರೀಲಿನ ಹ್ಯಾಂಡಲನ್ನು ಬಲವಂತವಾಗಿ ತಿರುಗಿಸಿ ಮೀನು ಎಳೆಯುವವರು ಗೇರು ಹಾಳಾಯಿತೆಂದು ಕಂಪನಿಯನ್ನು ದೂರುವಂತಿಲ್ಲ.

ಡ್ರ್ಯಾಗ್: ಗರಿಷ್ಠವಲ್ಲ, ಆರಂಭ ಮುಖ್ಯ

ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿರುವ ಇನ್ನೊಂದು ಅಂಕಿ ಗರಿಷ್ಠ ಡ್ರ್ಯಾಗ್: 5 ಕಿಲೋ, 9 ಕಿಲೋ, 10 ಕಿಲೋ. ಹತ್ತು ಪೌಂಡಿನ ದಾರ ತುಂಡಾಗುವುದು ಸುಮಾರು 4.5 ಕಿಲೋ ಎಳೆತಕ್ಕೆ; ಗಂಟು ಇದ್ದಲ್ಲಿ ಅದಕ್ಕೂ ಮೊದಲೇ. ರೂಢಿಯಂತೆ ಡ್ರ್ಯಾಗನ್ನು ದಾರದ ಬಲದ ಕಾಲುಭಾಗಕ್ಕೆ ಹೊಂದಿಸುತ್ತಾರೆ. ಅಂದರೆ ಸುಮಾರು 1.1 ಕಿಲೋ. ಹೀಗಿರುವಾಗ 9 ಕಿಲೋ ಡ್ರ್ಯಾಗಿನಿಂದ ಏನು ಪ್ರಯೋಜನ?

ನೋಡಬೇಕಾದದ್ದು ಬೇರೆ. ನಿಂತ ವಸ್ತುವನ್ನು ಕದಲಿಸಲು ಬೇಕಾದ ಬಲ, ಅದನ್ನು ಜಾರಿಸುತ್ತಿರಲು ಬೇಕಾದ ಬಲಕ್ಕಿಂತ ಹೆಚ್ಚು. ಡ್ರ್ಯಾಗಿನ ಬಿಲ್ಲೆಗಳಿಗೂ ಇದೇ ನಿಯಮ. ಕೆಟ್ಟ ಡ್ರ್ಯಾಗ್ 1 ಕಿಲೋಗೆ ಹೊಂದಿಸಿದ್ದರೂ ಮೊದಲ ಜಗ್ಗಿಗೆ ಅಂಟಿಕೊಂಡು ನಿಂತು, ಆಮೇಲೆ ಒಮ್ಮೆಲೇ ಸಡಿಲುತ್ತದೆ. ದಾರ ಹರಿಯುವುದು ಆ ಮೊದಲ ಗಳಿಗೆಯಲ್ಲೇ. ಜೊತೆಗೆ ಇನ್ನೊಂದು ಅಂಶ: ಡ್ರ್ಯಾಗಿನ ತಿರುಚುಬಲ ಸ್ಥಿರವಾಗಿದ್ದರೂ ಮೀನು ದಾರ ಎಳೆದೊಯ್ದಂತೆ ಸ್ಪೂಲಿನ ಮೇಲಿನ ವ್ಯಾಸ ಕುಗ್ಗುತ್ತದೆ. 45 ಮಿ.ಮೀ. ಇದ್ದದ್ದು 36ಕ್ಕೆ ಇಳಿದರೆ, ಗುಬುಟಿ ಮುಟ್ಟದೆಯೇ 1.2 ಕಿಲೋ ಡ್ರ್ಯಾಗ್ 1.5 ಕಿಲೋ ಆಗಿರುತ್ತದೆ. ದೂರ ಓಡಿದ ಮೀನಿಗೆ ಡ್ರ್ಯಾಗನ್ನು ಬಿಗಿ ಮಾಡುವುದಲ್ಲ, ಸಡಿಲಿಸಬೇಕು.

ಬಿಲ್ಲೆಗಳಲ್ಲಿ ಎರಡು ಬಗೆ. ಎಣ್ಣೆಯಲ್ಲಿ ನೆನೆದ ಫೆಲ್ಟ್ ಬಟ್ಟೆಯದು ಒಂದು. ಕಾರ್ಬನ್ ನಾರಿನದು ಇನ್ನೊಂದು. ಕಾರ್ಬನ್ ಬಿಲ್ಲೆ ಬಿಸಿಯನ್ನು ತಡೆಯುತ್ತದೆ. ಪೆನ್ ಕಂಪನಿ ತನ್ನ ರೀಲುಗಳಲ್ಲಿ ಇದನ್ನೇ ಬಳಸುತ್ತದೆ. ಆದರೆ 1 ಕಿಲೋ ಆಸುಪಾಸಿನ ಡ್ರ್ಯಾಗಿಗೆ ಒಳ್ಳೆಯ ಫೆಲ್ಟ್ ಬಿಲ್ಲೆ ಅಷ್ಟೇ ನಯವಾಗಿ ಹೊರಡುತ್ತದೆ. ನೀರು ಒಳಹೋಗದಂತೆ ಮೇಲ್ಮುಚ್ಚಳಕ್ಕೆ ಉಂಗುರವಿದ್ದರೆ ಸಾಕು.

ಡ್ರ್ಯಾಗಿನ ವಿಷಯ ಕೇವಲ ಮೀನು ತಪ್ಪಿಹೋಗುವ ಮಾತಲ್ಲ. ಹರಿದ ದಾರ ಗಾಳದ ಸಮೇತ ಮೀನಿನ ಬಾಯಲ್ಲಿ ಉಳಿಯುತ್ತದೆ, ಇಲ್ಲವೇ ಕಲ್ಲಿನ ಸಂದಿಗೆ ಸುತ್ತಿಕೊಳ್ಳುತ್ತದೆ. ನೈಲಾನ್ ಸುಲಭವಾಗಿ ಕೊಳೆಯದು. ಹಕ್ಕಿಯ ಕಾಲಿಗೂ ಕಡಲಾಮೆಯ ಕತ್ತಿಗೂ ಅದು ಉರುಳು. ಅದೇ ಹೊಳೆಯಲ್ಲಿ ಬೀಸುಬಲೆ ಹಾಕಿ ಹೊಟ್ಟೆ ಹೊರೆಯುವವನ ಬಲೆಗೂ ಕಾಲಿಗೂ ಆ ಗಾಳವೇ ಅಪಾಯ. ಅಗ್ಗದ ಡ್ರ್ಯಾಗಿನ ಬೆಲೆಯನ್ನು ಬೇರೆಯವರು ತೆರುವಂತಾಗಬಾರದು.

ಬೇರಿಂಗ್ ಎಣಿಕೆ ಮತ್ತು ಉಪ್ಪು

ನಾನು ಕೊಂಡ ಮೊದಲ ರೀಲಿನ ಡಬ್ಬಿಯ ಮೇಲೆ ‘12+1 ಬೇರಿಂಗ್’ ಎಂದಿತ್ತು. ಹನ್ನೆರಡನ್ನು ನಂಬಿ ಕೊಂಡೆ. ಅಂಗಡಿಯಲ್ಲಿ ಹ್ಯಾಂಡಲ್ ಬೆಣ್ಣೆಯಂತೆ ತಿರುಗಿತು. ಒಂದೇ ಬೇಸಿಗೆಯಲ್ಲಿ, ದಾರ ಹಾಯುವ ಪುಟ್ಟ ಗಾಲಿಯ ಬೇರಿಂಗ್ ತುಕ್ಕು ಹಿಡಿದು ನಿಂತುಬಿಟ್ಟಿತು. ಗಾಲಿ ತಿರುಗದೆ ದಾರ ಅದರ ಮೇಲೆ ಉಜ್ಜಿ ಉಜ್ಜಿ ಗಾಡಿ ಬಿತ್ತು. ಆ ಗಾಡಿಯ ಅಂಚಿಗೆ ಸಿಕ್ಕಿ ಒಳ್ಳೆಯ ದಾರವೂ ಹರಿಯತೊಡಗಿತು. ಉಳಿದ ಹನ್ನೊಂದು ಬೇರಿಂಗ್ ಚೆನ್ನಾಗಿದ್ದು ಏನು ಉಪಯೋಗ?

ರೀಲಿಗೆ ನಿಜವಾಗಿ ಬೇಕಾದ ಬೇರಿಂಗ್ ಕೆಲವೇ: ಮುಖ್ಯ ಗೇರಿನ ಎರಡು ಬದಿಗೆ ಎರಡು, ರೋಟರಿನ ದಂಡಕ್ಕೆ ಒಂದು, ದಾರದ ಗಾಲಿಗೆ ಒಂದು. ಹ್ಯಾಂಡಲಿನ ಗುಬುಟಿಗೆ, ಸ್ಪೂಲಿನ ಅಡಿಗೆ ಇನ್ನಷ್ಟು ತುರುಕಿ ಎಣಿಕೆ ಹೆಚ್ಚಿಸುವುದು ಸುಲಭ. ಕಡಲ ನೀರಿನ ಪ್ರತಿ ಕಿಲೋದಲ್ಲಿ ಸುಮಾರು 35 ಗ್ರಾಂ ಲವಣವಿದೆ. ಒಂದು ಮಿಲಿಲೀಟರ್ ನೀರು ಒಳಗೆ ಒಣಗಿದರೆ ಸುಮಾರು 35 ಮಿಲಿಗ್ರಾಂ ಉಪ್ಪಿನ ಹರಳು ಉಳಿಯುತ್ತದೆ. ಬೇರಿಂಗಿಗೆ ಬಳಸುವ ಗಟ್ಟಿ ಉಕ್ಕು ಹೆಸರಿಗೆ ಸ್ಟೇನ್‌ಲೆಸ್ ಆದರೂ ಅಡುಗೆಮನೆಯ ಪಾತ್ರೆಯ ಸ್ಟೇನ್‌ಲೆಸ್ ಉಕ್ಕಿನಷ್ಟು ತುಕ್ಕನ್ನು ತಡೆಯದು. ಗಡಸುತನಕ್ಕಾಗಿ ಅದರಲ್ಲಿ ಇಂಗಾಲದ ಪ್ರಮಾಣ ಹೆಚ್ಚಿಸಿರುತ್ತಾರೆ. ಉಪ್ಪುನೀರಿನಲ್ಲಿ ಪ್ರತಿ ಹೆಚ್ಚುವರಿ ಬೇರಿಂಗ್ ಇನ್ನೊಂದು ತುಕ್ಕಿನ ಜಾಗ. ನಾಲ್ಕು ಒಳ್ಳೆಯ, ಮುಚ್ಚಿದ ಬೇರಿಂಗ್ ಹನ್ನೆರಡು ಸಾಧಾರಣ ಬೇರಿಂಗಿಗಿಂತ ಮೇಲು.

ನೀವೇ ಮಾಡಬಹುದಾದ ಪರೀಕ್ಷೆ

ಅಂಗಡಿಯಲ್ಲಿ ಗಾಳಿಗೆ ಹ್ಯಾಂಡಲ್ ತಿರುಗಿಸಿ ನೋಡುವುದು ಪರೀಕ್ಷೆಯಲ್ಲ. ಪ್ರಯಾಣದ ಚೀಲ ತೂಗುವ ಕೈತಕ್ಕಡಿ ಒಂದನ್ನು ಒಯ್ಯಿರಿ. ದಾರದ ತುದಿಯನ್ನು ಅದಕ್ಕೆ ಕಟ್ಟಿ ಡ್ರ್ಯಾಗನ್ನು 1 ಕಿಲೋ ಆಸುಪಾಸಿಗೆ ಹೊಂದಿಸಿ, ನಿಧಾನವಾಗಿ ಎಳೆಯಿರಿ. ದಾರ ಹೊರಡುವ ಗಳಿಗೆಯ ಅಂಕಿ ಮತ್ತು ಓಡುತ್ತಿರುವಾಗಿನ ಅಂಕಿ, ಎರಡನ್ನೂ ಬರೆದುಕೊಳ್ಳಿ. ಎರಡರ ಅಂತರ ಕಡಿಮೆಯಿದ್ದಷ್ಟೂ ಡ್ರ್ಯಾಗ್ ಉತ್ತಮ. ಅನಂತರ ದಾರಕ್ಕೆ ಭಾರ ಕೊಟ್ಟು ಹ್ಯಾಂಡಲ್ ತಿರುಗಿಸಿ. ಮೈ ಬಾಗುವುದು, ಗೇರು ಕಿರುಗುಟ್ಟುವುದು ಆಗ ತಿಳಿಯುತ್ತದೆ. ಭಾರವಿರುವಾಗಲೇ ದಾರದ ಗಾಲಿ ತಿರುಗುತ್ತದೆಯೇ ನೋಡಿ. ಕೊನೆಗೆ ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಿ: ಬೇಲ್ ಸ್ಪ್ರಿಂಗ್ ಮತ್ತು ದಾರದ ಗಾಲಿ ಬಿಡಿಭಾಗವಾಗಿ ಸಿಗುತ್ತವೆಯೇ? ಇಲ್ಲ ಎಂದಾದರೆ ಎಷ್ಟೇ ಹಗುರವಾದರೂ ಆ ರೀಲು ಒಂದೆರಡು ವರ್ಷದ ಅತಿಥಿ.

ಮನೆಗೆ ಬಂದ ಮೇಲೆ ಡ್ರ್ಯಾಗನ್ನು ಬಿಗಿ ಮಾಡಿ, ನಲ್ಲಿಯನ್ನು ಸಣ್ಣಗೆ ಬಿಟ್ಟು ಸಿಹಿನೀರಿನಲ್ಲಿ ತೊಳೆಯಿರಿ. ರಭಸದ ನೀರು ಉಪ್ಪನ್ನು ಹೊರಕ್ಕಲ್ಲ, ಒಳಕ್ಕೆ ತಳ್ಳುತ್ತದೆ. ನೆರಳಿನಲ್ಲಿ ಒಣಗಿಸಿ, ಬಿಲ್ಲೆಗಳು ಒತ್ತಿಕೊಂಡು ಕೂರದಂತೆ ಡ್ರ್ಯಾಗನ್ನು ಸಡಿಲಿಸಿಡಿ. ಮ್ಯಾಗ್‌ಸೀಲ್ ಇಲ್ಲದ ರೀಲಾದರೆ ದಾರದ ಗಾಲಿಗೆ ಒಂದು ತೊಟ್ಟು ಎಣ್ಣೆ ಬಿಡಿ.

ಕೊನೆಯ ಮಾತು

ಹಂಗಾರಕಟ್ಟೆಯ ದಂಡೆಗೆ ಯಾವುದು ಸೂಕ್ತ? ರಜೆಯ ದಿನ ಕಾಣೆ ಹಿಡಿಯುವವರಿಗೆ ಸಿಯೆನ್ನಾದಂಥ ಸರಳ ರೀಲು, ಉಳಿದ ಹಣಕ್ಕೆ ಒಳ್ಳೆಯ ದಾರ. ದಿನವಿಡೀ ಕೃತಕ ಎರೆ ಎಸೆಯುವವರಿಗೆ ವ್ಯಾನ್‌ಫರ್ಡ್; ಅಲ್ಲಿ ಕಳೆದ ತೂಕಕ್ಕೆ ಅರ್ಥವಿದೆ. ಕಲ್ಲಿನ ಬುಡದಲ್ಲಿ ಕೆಂಬೇರಿಗೆ ಕಾಯುವವರಿಗೆ ಸ್ಟ್ರಾಡಿಕ್ ಅಥವಾ ಬಿಜಿಯಂಥ ಅಲ್ಯೂಮಿನಿಯಂ ಮೈ. ಅಲ್ಲಿ 40ರಿಂದ 100 ಗ್ರಾಂ ಹೆಚ್ಚಿನ ತೂಕ ವ್ಯರ್ಥವಲ್ಲ. ಮೆಗ್ನೀಸಿಯಂ ಬೇಡ.

ರೀಲು ಕೊಳ್ಳುವುದು ಎಷ್ಟೋ ಯುವಕರಿಗೆ ಹಲವು ದಿನದ ದುಡಿಮೆಯ ಹಣ. ಡಬ್ಬಿಯ ಮೇಲಿನ ಅಂಕಿಗಳು ಸುಳ್ಳಲ್ಲ. ಆದರೆ ಅಳೆಯಲು ಸುಲಭವಾದದ್ದನ್ನು ಅವು ಹೇಳುತ್ತವೆ, ಬೇಕಾದದ್ದನ್ನು ಹೇಳುವುದಿಲ್ಲ. ದಂಡೆಯಲ್ಲಿ ಬಾಟಲಿ ಹಿಡಿದು ನಿಂತ ಹುಡುಗನನ್ನು ಇನ್ನೊಮ್ಮೆ ನೋಡಿ. ಅವನ ‘ರೀಲು’ ತುಕ್ಕು ಹಿಡಿಯದು, ಬೇರಿಂಗ್ ಬೇಡದು, ಡ್ರ್ಯಾಗ್ ಎಂದೂ ಅಂಟಿಕೊಳ್ಳದು. ನೀವು ಹಣ ಕೊಟ್ಟು ಕೊಳ್ಳುವ ಯಂತ್ರ ಮೊದಲು ಅದನ್ನು ಮೀರಿಸಬೇಕು. ಎಷ್ಟು ಹಗುರ ಎಂಬ ಪ್ರಶ್ನೆ ಆಮೇಲಿನದು.